ಬಿಳಿ ಅಂಗಿಯ ಭಾವ

ಗಾಡಿಯ ಚಕ್ರ ಬಿಚ್ಚುವ ಕೆಲಸಕ್ಕೆ ಸದಾನಂದ ಭಾವ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಬರುತ್ತಿದ್ದರು. ಬೇರೆಯವರು ಅಂಥ ಕೆಲಸಕ್ಕೆ ಹರಿದ ಬನಿಯನ್ ಹುಡುಕುತ್ತಾರೆ. ಭಾವ ಕಪಾಟಿನಿಂದ ಮಡಿಕೆ ಬಿಚ್ಚದ ಅಂಗಿ ತೆಗೆದು, ತೋಳನ್ನು ಮೊಣಕೈವರೆಗೆ ಮಡಚಿ, ಕಾಲರ್ ಸರಿಮಾಡಿಕೊಂಡು, ಒಂದು ಕೈಯಲ್ಲಿ ಜಾಕ್, ಇನ್ನೊಂದು ಕೈಯಲ್ಲಿ ಹಲಗೆ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದರು. ಆ ಶನಿವಾರವೂ ಹಾಗೆಯೇ ಇಳಿದರು. ನಮ್ಮ ಪಾಲಿಗೆ ಅದು ಕೊನೆಯ ಮಾಮೂಲು ದಿನ.

ನಾನು ಉಡುಪಿಯಲ್ಲಿ ಸಣ್ಣ ಹೊಲಿಗೆ ಅಂಗಡಿ ಇಟ್ಟುಕೊಂಡವನು. ಭಾವ ನನ್ನ ಜಲಜಕ್ಕನ ಗಂಡ. ಅವರ ಬಿಳಿ ಅಂಗಿಗಳನ್ನೆಲ್ಲ ಹೊಲಿಯುತ್ತಿದ್ದುದು ನಾನೇ. ಆ ದಿನ ಹೊಸತೊಂದನ್ನು ಕೊಡಲಿಕ್ಕೆ ಕಾಪುವಿನ ಅವರ ಮನೆಗೆ ಹೋಗಿದ್ದೆ. ಮಳೆಗಾಲ ಮುಗಿಯುತ್ತ ಬಂದಿತ್ತು. ಸಮುದ್ರದ ಕಡೆಯಿಂದ ಬರುವ ಗಾಳಿಯಲ್ಲಿ ಇನ್ನೂ ನೀರಿನ ಪಸೆ ಇತ್ತು. ಅಂಗಳದ ತುದಿಯಲ್ಲಿ ಜೀಪು, ಅದರ ಹಿಂದೆ ಕೊಂಡಿ ಹಾಕಿದ ಅವರ ಚಕ್ರದ ಮನೆ.

ಆ ಚಕ್ರದ ಮನೆಯ ಬಗ್ಗೆ ಹೇಳಬೇಕು. ಭಾವ ಗಲ್ಫಿನಲ್ಲಿದ್ದಾಗ ಮರಳುಗಾಡಿನ ಕ್ಯಾಂಪುಗಳಲ್ಲಿ ಕೆಲಸಗಾರರು ಮಲಗುವ ಟ್ರೈಲರ್ ಮನೆಗಳನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸುವ ತಂಡದಲ್ಲಿ ದುಡಿದವರು. ಊರಿಗೆ ವಾಪಸು ಬಂದ ಮೇಲೆ ಅಂಥದ್ದೇ ಒಂದು ಸಣ್ಣದನ್ನು ಕಟ್ಟಿಸಿದರು. ಎರಡೇ ಚಕ್ರ, ಒಳಗೆ ನಾಲ್ಕು ಜನ ಮಲಗುವಷ್ಟು ಜಾಗ, ಒಂದು ಗ್ಯಾಸಿನ ಒಲೆ, ನೀಲಿ ಪರದೆ. ಬೀಚಿಗೆ ಬರುವ ಕುಟುಂಬಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಊರವರು ಅದನ್ನು ಗೂಡು ಎಂದು ಕರೆದರೆ ಭಾವ ಮಾತ್ರ ಬಂಗ್ಲೆ ಎನ್ನುತ್ತಿದ್ದರು. "ಇವತ್ತು ಬಂಗ್ಲೆ ಗುಡಿಸ್ಲಿಕ್ಕೆ ಉಂಟು" ಎಂದು ಅವರು ಗಂಭೀರವಾಗಿ ಹೇಳಿದರೆ ಗೊತ್ತಿಲ್ಲದವರು ಇವರಿಗೆ ಇನ್ನೊಂದು ಮನೆ ಉಂಟೆಂದೇ ತಿಳಿಯುತ್ತಿದ್ದರು.

ಆ ಶನಿವಾರ ಬಂಗ್ಲೆಯ ಚಕ್ರಗಳಿಗೆ ಗ್ರೀಸು ತುಂಬುವ ಕೆಲಸ. ಉಪ್ಪು ಗಾಳಿಗೆ ಬೇರಿಂಗು ಬೇಗ ತುಕ್ಕು ಹಿಡಿಯುತ್ತದೆಂದು ಮಳೆಗಾಲ ಮುಗಿದ ಕೂಡಲೇ ಅವರು ಇದನ್ನು ಮಾಡುತ್ತಿದ್ದರು. ಪಕ್ಕದ ಮನೆಯ ವಿಠಲಣ್ಣ ಪಾಗಾರದ ಗೋಡೆಯ ಮೇಲಿಂದ ತಲೆ ಹಾಕಿದರು.

"ಎಂತ ಸದಾನಂದ, ಮದುವೆಗೆ ಹೊರಟದ್ದಾ?"

"ಹೌದು ಮಾರಾಯ, ಈ ಚಕ್ರಕ್ಕೇ ಮದುವೆ. ನೀನು ಊಟಕ್ಕೆ ಬಾ, ಕೆಲಸಕ್ಕೆ ಬರಬೇಡ."

ಬಿಳಿ ಅಂಗಿ ಯಾಕೆಂದು ನಾನು ಹಿಂದೊಮ್ಮೆ ಕೇಳಿದ್ದೆ. ಅವರು ಹೇಳಿದ್ದು ಇಷ್ಟೇ: "ಅಂಗಿ ಬಿಳಿ ಇದ್ದರೆ ಗಾಡಿಯ ಅಡಿಗೆ ನುಗ್ಗಲಿಕ್ಕೆ ಮನಸ್ಸು ಬರುವುದಿಲ್ಲ ಭಾವ. ಕೆಲಸ ಮುಗಿದ ಮೇಲೆ ಅಂಗಿಯಲ್ಲಿ ಕಲೆ ಉಂಟು ಅಂತಾದರೆ, ಇವ ಹೋಗಬಾರದ ಕಡೆ ಹೋಗಿದ್ದಾನೆ ಅಂತ ಅರ್ಥ." ಅವರೂ ನನ್ನನ್ನು ಭಾವ ಎಂದೇ ಕರೆಯುತ್ತಿದ್ದರು. ನಮ್ಮ ಕಡೆ ಹಾಗೆಯೇ. ಇಬ್ಬರೂ ಒಬ್ಬರಿಗೊಬ್ಬರು ಭಾವ, ಇಬ್ಬರಿಗೂ ಒಬ್ಬರನ್ನೊಬ್ಬರು ತಮಾಷೆ ಮಾಡುವ ಹಕ್ಕು. ನನ್ನ ಹೊಲಿಗೆಯ ಬಗ್ಗೆ ಅವರು ಬಿಡದ ಮಾತಿಲ್ಲ. "ಈ ತೋಳು ನೋಡು ಭಾವ, ಇದರಲ್ಲಿ ನಿನ್ನ ಅಕ್ಕನೂ ಒಟ್ಟಿಗೆ ತೂರಬಹುದು" ಎನ್ನುತ್ತಿದ್ದರು. ಅಕ್ಕ ಒಳಗಿನಿಂದಲೇ, "ಹೊಲಿಸಿ ಬಿಟ್ಟಿ ಹಾಕಿಕೊಳ್ಳುವುದಲ್ಲದೆ ಮಾತು ಬೇರೆ" ಎಂದು ಕೂಗುತ್ತಿದ್ದಳು.

ಕೆಲಸಕ್ಕೆ ನಿಂತರೆ ಮಾತ್ರ ತಮಾಷೆ ಇಲ್ಲ. ಗಾಡಿ ಜೀಪಿನ ಕೊಂಡಿಯಲ್ಲೇ ಇರಬೇಕು, ಜೀಪಿನ ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಎತ್ತದೆ ಇರುವ ಬದಿಯ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಅಡ್ಡ. ಮರಳು ನೆಲದಲ್ಲಿ ಜಾಕ್ ಹೂತುಹೋಗದ ಹಾಗೆ ಅಡಿಗೆ ಅಗಲದ ಹಲಗೆ. ಚಕ್ರ ಇನ್ನೂ ನೆಲದಲ್ಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಬೇಕು, ಮೇಲೆ ಎತ್ತಿದ ಮೇಲೆ ಜಗ್ಗಾಡಬಾರದು. ಚಕ್ರ ನೆಲ ಬಿಟ್ಟ ಕೂಡಲೇ ಚಾಸಿಸ್ಸಿನ ಅಡಿಗೆ ಕಬ್ಬಿಣದ ಸ್ಟ್ಯಾಂಡು. ಆಮೇಲೆ ಜಾಕನ್ನು ತುಸು ಇಳಿಸಿ ಭಾರವನ್ನು ಸ್ಟ್ಯಾಂಡಿಗೆ ಕೊಡಬೇಕು. "ಜಾಕ್ ಇರುವುದು ಎತ್ತಲಿಕ್ಕೆ. ಹೊರಲಿಕ್ಕೆ ಸ್ಟ್ಯಾಂಡೇ ಆಗಬೇಕು" ಎನ್ನುವುದು ಅವರ ದಿನದ ಮಾತು. ಕೊನೆಗೆ ಎರಡೂ ಕೈಯಿಂದ ಗಾಡಿಯನ್ನು ಒಮ್ಮೆ ದೂಡಿ ನೋಡಿ, ಅದು ಅಲ್ಲಾಡದಿದ್ದರೆ ಮಾತ್ರ ಚಕ್ರಕ್ಕೆ ಕೈ. ಆ ದಿನ ಗ್ರೀಸು ತುಂಬಿ ಚಕ್ರ ಹಾಕಿ ತಿರುಗಿಸಿ, ಕಿವಿ ಹತ್ತಿರ ಇಟ್ಟು ಕೇಳಿ, "ಬೆಕ್ಕು ಮಲಗಿದ ಹಾಗೆ ಉಂಟು" ಎಂದರು. ಅಂಗಿಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಎರಡೂ ತೋಳು ಚಾಚಿ ಅಕ್ಕನಿಗೆ ತೋರಿಸಿದರು. ಅವಳು ಚಹಾ ತಂದಿಟ್ಟು, "ದೊಡ್ಡ ಸಾಹಸ" ಎಂದಳು.

ಅವರ ಈ ಶಿಸ್ತಿನಿಂದ ನಮಗೆ ಪೇಚಾಟ ಆದದ್ದೂ ಉಂಟು. ಒಮ್ಮೆ ಹೂಡೆಯಲ್ಲಿ ನದಿಯ ಬದಿ ಬಂಗ್ಲೆಯನ್ನು ಒಂದು ಕುಟುಂಬಕ್ಕೆ ಕೊಟ್ಟಿದ್ದರು. ಬೆಳಿಗ್ಗೆ ನೋಡಿದರೆ ಟಯರಿನಲ್ಲಿ ಗಾಳಿ ಇಲ್ಲ. ಆ ಮನೆಯವರು ಕೊಲ್ಲೂರಿಗೆ ಹೊರಡುವ ಅವಸರದಲ್ಲಿದ್ದರು. ಭಾವ ಜಾಕ್ ಇಟ್ಟವರು, ಎಂದಿನಂತೆ ಬಾಗಿಲು ತೆಗೆದು, "ಒಳಗೆ ಯಾರಾದರೂ ಉಂಟಾ?" ಎಂದು ಕೇಳಿದರು. ಒಳಗೆ ಆ ಮನೆಯ ಅಜ್ಜಿ ಗೊರಕೆ ಹೊಡೆಯುತ್ತಿದ್ದರು. ಭಾವ ಜಾಕ್ ತೆಗೆದು ಬದಿಗಿಟ್ಟು ತೆಂಗಿನ ಕಟ್ಟೆಯಲ್ಲಿ ಕುಳಿತರು.

"ಅಜ್ಜಿಗೆ ಎಂತ ಭಾರ ಉಂಟು? ಎತ್ತಿ ಮಾರಾಯ್ರೆ" ಎಂದು ಮನೆಯ ಯಜಮಾನರು ಸಿಡುಕಿದರು.

"ಭಾರದ ಪ್ರಶ್ನೆ ಅಲ್ಲ. ಅವರು ಮಗ್ಗುಲು ಬದಲಿಸಿದರೆ ಗಾಡಿ ಅಲ್ಲಾಡ್ತದೆ. ಎಬ್ಬಿಸುವುದಾದರೆ ನೀವು ಎಬ್ಬಿಸಿ."

ಅಜ್ಜಿಯನ್ನು ಎಬ್ಬಿಸುವ ಧೈರ್ಯ ಮಗನಿಗೂ ಇರಲಿಲ್ಲ, ಸೊಸೆಗೂ ಇರಲಿಲ್ಲ. ಅಜ್ಜಿ ತಾನಾಗಿ ಎದ್ದು ಹೊರಗೆ ಬಂದು, ಎಲ್ಲರೂ ಸಾಲಾಗಿ ಕುಳಿತದ್ದನ್ನು ಕಂಡು, "ಯಾರು ಹೋದದ್ದು?" ಎಂದು ಕೇಳಿದರು. ಭಾವ ಆ ಕಥೆಯನ್ನು ಹೋದ ಮದುವೆಗಳಲ್ಲೆಲ್ಲ ಹೇಳಿ ಬಡಿಸುವವರು ಸೌಟು ಹಿಡಿದು ನಿಲ್ಲುವ ಹಾಗೆ ಮಾಡುತ್ತಿದ್ದರು.

ಇಂಥ ಭಾವ ಆ ಶನಿವಾರದ ಮರುದಿನ ಸ್ಟ್ಯಾಂಡು ಬಿಟ್ಟು ಹೊರಟರು.

ಅವರ ಅಕ್ಕ ಗುಲಾಬಿಯಕ್ಕನ ಮಗಳಿಗೆ ಅಜೆಕಾರಿನಲ್ಲಿ ಹೊಸ ಮನೆ ಆಗಿತ್ತು, ಗೃಹಪ್ರವೇಶ. ದೂರದಿಂದ ಬಂದ ನೆಂಟರಿಗೆ ರಾತ್ರಿ ಮಲಗಲಿಕ್ಕೆ ಆಗುತ್ತದೆಂದು ಬಂಗ್ಲೆಯನ್ನು ಅಲ್ಲಿಗೆ ಒಯ್ಯುವ ಮಾತು. ನಮ್ಮ ಕಡೆ ಒಂದು ಗಾಡಿ ಒಂದು ಊರಿಗೆ ಹೋಗುತ್ತದೆ ಎಂದಾದರೆ ಅದನ್ನು ಖಾಲಿ ಬಿಡುವ ಕ್ರಮ ಇಲ್ಲ. ರಾತ್ರಿ ನಾನೂ ಅಲ್ಲೇ ಉಳಿದಿದ್ದೆ. ಬೆಳಿಗ್ಗೆ ನಾವು ಹೊರಡುವಷ್ಟರಲ್ಲಿ ತೆಂಗಿನಕಾಯಿಯ ಗೋಣಿ, ಬಾಳೆಎಲೆಯ ಕಟ್ಟು, ಎರಡು ದೊಡ್ಡ ಹಂಡೆ, ಯಾರೋ ಯಾರಿಗೋ ಕಳಿಸಿದ ಉಪ್ಪಿನಕಾಯಿ ಭರಣಿ, ಎಲ್ಲ ಬಂಗ್ಲೆಯೊಳಗೆ ಸೇರಿದ್ದವು. ಕೊನೆಗೆ ಗುಲಾಬಿಯಕ್ಕ ಶಂಕರಪುರ ಮಲ್ಲಿಗೆ ಮತ್ತು ಅಡಿಕೆ ಹೂವಿನ ಹಿಂಗಾರ ತುಂಬಿದ ಬುಟ್ಟಿ ಹಿಡಿದು ಬಂದರು. ಜೀಪಿನೊಳಗೆ ಸೆಕೆಗೆ ಬಾಡುತ್ತದೆ. ಬಂಗ್ಲೆಯ ಮುಂದಿನ ಪೆಟ್ಟಿಗೆ ನೆರಳಲ್ಲಿ ಉಂಟು, ಗಾಳಿಯೂ ಆಡುತ್ತದೆ, ಅಲ್ಲಿ ಇಡು ಎಂದರು. ಆ ಪೆಟ್ಟಿಗೆಯಲ್ಲಿ ಸ್ಟ್ಯಾಂಡುಗಳಿದ್ದವು.

"ಅದರ ಗ್ರೀಸು ದೇವರ ಹೂವಿಗೆ ತಾಗ್ತದೆ ಸದಾ. ಒಂದು ದಿನಕ್ಕೆ ತೆಗೆದಿಡು. ನಿನ್ನೆಯೇ ಎಲ್ಲ ಸರಿ ಮಾಡಿದ್ದಿಯಲ್ವಾ?"

ತಾಯಿ ತೀರಿದ ಮೇಲೆ ಭಾವನನ್ನು ಎತ್ತಿ ಆಡಿಸಿ ಬೆಳೆಸಿದವರು ಗುಲಾಬಿಯಕ್ಕ. ಅವರ ಮಾತಿಗೆ ಎದುರಾಡಿದ್ದನ್ನು ನಾನು ಕಂಡಿಲ್ಲ. ಭಾವ ಒಮ್ಮೆ ಬುಟ್ಟಿಯನ್ನು ನೋಡಿದರು, ಒಮ್ಮೆ ಸ್ಟ್ಯಾಂಡನ್ನು ನೋಡಿದರು. "ಆಗಲಿ ಅಕ್ಕ" ಎಂದು ಸ್ಟ್ಯಾಂಡು ಎರಡನ್ನೂ ತೆಗೆದು ಜಗಲಿಯಲ್ಲಿ ಇಟ್ಟರು.

ಬೆಳ್ಮಣ್ಣು ದಾಟಿದ ಮೇಲೆ ಬಂಗ್ಲೆಯ ಒಂದು ಟಯರು ಪಂಕ್ಚರ್ ಆಯಿತು. ಮೊಳೆ ಚುಚ್ಚಿದ್ದು. ಬೇರಿಂಗಿಗೂ ಅದಕ್ಕೂ ಸಂಬಂಧ ಇರಲಿಲ್ಲ. ರಸ್ತೆ ಬದಿಯ ಗಟ್ಟಿ ನೆಲದಲ್ಲಿ ನಿಲ್ಲಿಸಿದೆವು. ಮುಹೂರ್ತಕ್ಕೆ ಹೊತ್ತಾಗುತ್ತಿತ್ತು, ನಮಗಿಂತ ಮುಂದೆ ಹೋಗಿದ್ದ ಗುಲಾಬಿಯಕ್ಕನ ಫೋನು ಮೇಲಿಂದ ಮೇಲೆ ಬರುತ್ತಿತ್ತು. ಎದುರಿನ ಮನೆಯವರು ಪಾಗಾರ ಕಟ್ಟಲಿಕ್ಕೆ ಕೆಂಪುಕಲ್ಲು ತರಿಸಿ ರಾಶಿ ಹಾಕಿದ್ದರು. ನಮ್ಮ ಊರಿನಲ್ಲಿ ಏನನ್ನು ಎತ್ತಿ ನಿಲ್ಲಿಸಬೇಕಾದರೂ ಮೊದಲು ಕೈ ಹೋಗುವುದು ಕೆಂಪುಕಲ್ಲಿಗೆ. ನೀರಿನ ಟ್ಯಾಂಕಿನ ಅಡಿಗೆ ಅದು, ಮಂಚದ ಕಾಲಿಗೆ ಅದು, ಕೆಟ್ಟು ನಿಂತ ರಿಕ್ಷಾದ ಅಡಿಗೂ ಅದು. ಭಾವ ಮನೆಯವರನ್ನು ಕೇಳಿ ಎರಡು ಕಲ್ಲು ತಂದರು. ಒಂದರ ಮೇಲೊಂದು ಇಟ್ಟು, ಜಾಕ್ ಇಳಿಸಿ ಭಾರ ಕೊಟ್ಟರು. ದೂಡಿ ನೋಡಿದರು. ಗಾಡಿ ಅಲ್ಲಾಡಲಿಲ್ಲ.

ಅದು ಆಗ ತಾನೇ ಕಲ್ಲುಕೋರೆಯಿಂದ ಬಂದ, ಇನ್ನೂ ಗಟ್ಟಿಯಾಗದ ಹಸಿ ಕಲ್ಲು. ರಾತ್ರಿಯ ಮಳೆಯನ್ನು ಪೂರ್ತಿ ಕುಡಿದಿತ್ತು. ಪಂಕ್ಚರಾದ ಚಕ್ರ ತೆಗೆದು, ನಾನು ಮಂಡಿಯೂರಿ ಸ್ಟೆಪ್ನಿಯನ್ನು ಎತ್ತಿ ಬೋಲ್ಟಿಗೆ ಕೂರಿಸುತ್ತಿದ್ದೆ. ಎಡಗೈ ಟಯರಿನ ಮೇಲ್ಗಡೆ, ಮಡ್‌ಗಾರ್ಡಿನ ಒಳಗಿತ್ತು. ರಸ್ಕು ಮುರಿದ ಹಾಗೆ ಒಂದು ಸದ್ದು ಕೇಳಿತು. ಬಂಗ್ಲೆ ಇಳಿಯಿತು.

ಆಮೇಲೆ ಭಾವ ಮಾಡಿದ್ದನ್ನು ನಾನು ಮರೆಯಲಾರೆ. ಹಲಗೆ ಇಟ್ಟು, ಓರೆಯಾದ ಜಾಕನ್ನು ನೇರ ಮಾಡಿ, ಒಂದೊಂದೇ ಸುತ್ತು ಏರಿಸಿ, ನನ್ನ ಕೈಯನ್ನು ಬಿಡಿಸಿ, ತೊಟ್ಟಿದ್ದ ಅಂಗಿಯ ಅಂಚಿನಲ್ಲೇ ಸುತ್ತಿ ಎದೆಗೆ ಒತ್ತಿ ಹಿಡಿದುಕೊಂಡರು. ಮಣಿಪಾಲ ತಲುಪುವವರೆಗೆ ಹಾಗೇ ಹಿಡಿದಿದ್ದರು. ಜೀಪು ನಡೆಸಿದವರು ಆ ಕೆಂಪುಕಲ್ಲಿನ ಮನೆಯವರು. ದಾರಿಯುದ್ದಕ್ಕೂ ಮಾತಾಡಿದ್ದೆಲ್ಲ ನಾನೇ. "ಮಲ್ಲೆಜ್ಜಿ ಭಾವ, ಮಲ್ಲೆಜ್ಜಿ" ಎನ್ನುತ್ತಿದ್ದೆ. ನಮ್ಮ ತುಳುವಿನಲ್ಲಿ ದೊಡ್ಡದೇನಲ್ಲ, ಪರವಾಗಿಲ್ಲ ಎಂದು ಹೇಳುವ ಮಾತು.

ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಹೋದವು. ಬಟ್ಟೆಯನ್ನು ಒತ್ತಿ ಹಿಡಿಯುವ ಕೈ ಅದು. ಕೆಲವು ತಿಂಗಳು ಕಷ್ಟವಾಯಿತು, ಆಮೇಲೆ ಮೂರು ಬೆರಳಿನಲ್ಲೇ ಬಟ್ಟೆ ಹಿಡಿಯಲು ಕಲಿತೆ. ಈಗ ಅಂಗಡಿಗೆ ಬರುವವರಲ್ಲಿ ಎಷ್ಟೋ ಜನ ಗಮನಿಸುವುದೂ ಇಲ್ಲ. ಕೈಯ ಮಟ್ಟಿಗೆ ನನ್ನ ದುಃಖ ಅಲ್ಲಿಗೆ ಮುಗಿಯಿತು.

ಮುಗಿಯದಿದ್ದದ್ದು ಭಾವನದು. ಅವರು ನನ್ನೊಡನೆ ತಮಾಷೆ ನಿಲ್ಲಿಸಿದರು. ಮಾತು ಇತ್ತು. ಊಟ ಆಯಿತಾ, ಅಂಗಡಿ ಹೇಗುಂಟು, ಬಸ್ಸು ಸಿಕ್ಕಿತಾ. ಒಬ್ಬ ಒಳ್ಳೆಯ ಅಪರಿಚಿತ ಕೇಳುವ ಹಾಗೆ. ಅಂಗಿ ಹೊಲಿಯಲಿಕ್ಕೆ ಮತ್ತೆ ಹೇಳಲಿಲ್ಲ. ಪೇಟೆಯಿಂದ ಕಂದು, ಬೂದಿ ಬಣ್ಣದ ರೆಡಿಮೇಡ್ ಅಂಗಿಗಳನ್ನು ತಂದು ಹಾಕಿಕೊಂಡರು. ಬಂಗ್ಲೆಯ ಎರಡೂ ಚಕ್ರ ಕಳಚಿ, ಸ್ಟ್ಯಾಂಡುಗಳ ಮೇಲೆ ಅಂಗಳದ ಮೂಲೆಯಲ್ಲಿ ಕೂರಿಸಿಬಿಟ್ಟರು. ಬಾಡಿಗೆಗೆ ಕೇಳಿಕೊಂಡು ಬಂದವರಿಗೆ, "ಇಲ್ಲ, ನಿಲ್ಲಿಸಿದ್ದೇನೆ" ಎನ್ನುತ್ತಿದ್ದರು. ವಿಠಲಣ್ಣ ಪಾಗಾರದ ಮೇಲಿಂದ ಏನಾದರೂ ಕೆಣಕಿದರೆ ನಕ್ಕು ಒಳಗೆ ಹೋಗುತ್ತಿದ್ದರು.

ನನಗೆ ಬೇಕಾಗಿದ್ದುದು ಒಂದೇ. ಭಾವ ಮೊದಲಿನ ಹಾಗೆ ನನ್ನನ್ನು ಗೇಲಿ ಮಾಡಬೇಕು. ಅದಕ್ಕೆ ದಾರಿ ಯಾವುದೆಂದು ತಿಳಿಯದೆ ಕೈಯನ್ನು ಅಡಗಿಸತೊಡಗಿದೆ. ಕಾಪುವಿಗೆ ಹೋದಾಗ ಎಡಗೈ ಪಂಚೆಯ ಮಡಿಕೆಯಲ್ಲಿರುತ್ತಿತ್ತು, ಇಲ್ಲವೇ ಚೀಲದ ಹಿಂದೆ. ಬಲಗೈಯೊಂದರಲ್ಲೇ ಚಹಾದ ಲೋಟ, ಬಲಗೈಯಲ್ಲೇ ಪೇಪರು. ಅಡಗಿಸಿದ್ದು ಅವರಿಗೆ ಕಾಣುತ್ತಿತ್ತು. ಅವರು ಕಂಡದ್ದು ನನಗೆ ಕಾಣುತ್ತಿತ್ತು. ಇಬ್ಬರೂ ತಲೆ ತಗ್ಗಿಸಿ ಕೂರುತ್ತಿದ್ದೆವು. ಅಕ್ಕ ಒಮ್ಮೆ ನನ್ನ ಹಿಂದೆ ಗೇಟಿನವರೆಗೆ ಬಂದು ಹೇಳಿದಳು.

"ನೀನು ಬಂದು ಹೋದ ದಿನ ಅವರು ಸರಿ ಊಟ ಮಾಡುವುದಿಲ್ಲ. ಬರಬೇಡ ಅಂತ ಹೇಳ್ತಾ ಇಲ್ಲ ನಾನು."

"ನಾನು ಎಂತ ಮಾಡಬೇಕು ಅಕ್ಕ?"

"ನನಗೆ ಗೊತ್ತಿದ್ದರೆ ಹೇಳ್ತಿರಲಿಲ್ವಾ?"

ಕಾರ್ಕಳದಲ್ಲಿ ನಡೆದ ಒಂದು ಮದುವೆಯ ನೆನಪಾದರೆ ಇಂದಿಗೂ ನನಗೆ ತಲೆ ಎತ್ತಲಾಗುವುದಿಲ್ಲ. ಊಟದ ಪಂಕ್ತಿಯಲ್ಲಿ ನಾನು, ನನ್ನ ಎದುರಿನ ಸಾಲಿನಲ್ಲಿ ಭಾವ. ಪಕ್ಕದಲ್ಲಿದ್ದ ಹಿರಿಯ ನೆಂಟರೊಬ್ಬರು ನನ್ನ ಕೈ ನೋಡಿ ಗಟ್ಟಿಯಾಗಿ, "ಇಷ್ಟಾದರೂ ಇವನ ಬಾಯಿಂದ ಒಂದು ಕೆಟ್ಟ ಮಾತು ಬರಲಿಲ್ಲ ನೋಡಿ. ದೊಡ್ಡ ಮನಸ್ಸು ಇವನದು. ಬೇರೆಯವರಾಗಿದ್ದರೆ ಮುಖ ನೋಡುತ್ತಿರಲಿಲ್ಲ" ಎಂದರು. ಸಾಲಿನವರೆಲ್ಲ ಹೌದೆಂದು ತಲೆ ಆಡಿಸಿದರು. ನಾನು, "ಛೆ, ಅದೆಂತ, ಮಲ್ಲೆಜ್ಜಿ" ಎಂದೆ. ಅದಕ್ಕೂ ತಲೆ ಆಡಿಸಿದರು. ನನ್ನ ಒಂದೊಂದು ಮಲ್ಲೆಜ್ಜಿಗೂ ನಾನು ದೊಡ್ಡವನಾಗುತ್ತಿದ್ದೆ, ಎದುರಿನ ಎಲೆಯ ಮುಂದೆ ಅವರು ಸಣ್ಣವರಾಗುತ್ತಿದ್ದರು. ಪಾಯಸ ಬರುವಷ್ಟರಲ್ಲಿ ಭಾವ ಎದ್ದು ಹೋಗಿದ್ದರು. ಹುಡುಕಿಕೊಂಡು ಹೋದರೆ ಛತ್ರದ ಹಿಂದೆ, ಅಡುಗೆಯವರ ಜೊತೆ ಹಂಡೆ ಎತ್ತಿ ಇಡುತ್ತಿದ್ದರು. ಒಂದು ಕಾಲದಲ್ಲಿ ಬಡಿಸುವವರನ್ನು ನಿಲ್ಲಿಸಿ ಕಥೆ ಹೇಳುತ್ತಿದ್ದವರು. "ನೀನು ಊಟ ಮುಗಿಸು, ನನಗೆ ಹಸಿವಿಲ್ಲ" ಎಂದರು, ಹಂಡೆಯ ಕಡೆಗೇ ನೋಡುತ್ತ. ನನಗೆ ಆ ಹಿರಿಯರ ಹತ್ತಿರ ಹೋಗಿ ಸ್ಟ್ಯಾಂಡು ಹೇಗೆ ಜಗಲಿಯಲ್ಲಿ ಉಳಿಯಿತೆಂದು ಹೇಳಬೇಕೆನಿಸಿತು. ಹೇಳಿದರೆ ಮಾತು ಗುಲಾಬಿಯಕ್ಕನ ಮೇಲೆ ಬರುತ್ತಿತ್ತು. ಭಾವ ಆ ವಿಷಯವನ್ನು ಯಾರ ಎದುರೂ ಎತ್ತಿರಲಿಲ್ಲ. ಎಲ್ಲರಿಗೂ ಅವರು ಹೇಳಿದ್ದು, "ನನ್ನ ಅಜಾಗ್ರತೆ" ಎಂದಷ್ಟೇ. ನಾನು ವಾಪಸು ಎಲೆಯ ಮುಂದೆ ಬಂದು ಕುಳಿತೆ.

ಈ ವರ್ಷ ಮಳೆ ಹಿಡಿಯುವ ಹೊತ್ತಿಗೆ ಭಾವನ ಹೃದಯಕ್ಕೆ ತೊಂದರೆಯಾಗಿ ಮಣಿಪಾಲದಲ್ಲಿ ಆಸ್ಪತ್ರೆಗೆ ಸೇರಿಸಿದರು. ನಾನು ಸಂಜೆ ಅಂಗಡಿ ಬೇಗ ಮುಚ್ಚಿ ಹೋದೆ. ಕಿಟಕಿಯ ಬದಿಯ ಮಂಚ. ಆಸ್ಪತ್ರೆಯ ತಿಳಿ ಹಸಿರು ಅಂಗಿ ಅವರಿಗೆ ತೀರ ಸಡಿಲವಾಗಿತ್ತು. ತೋಳಿನ ಬಗ್ಗೆ ಏನಾದರೂ ಹೇಳುತ್ತಾರೇನೋ ಎಂದು ಕಾದೆ, ಹೇಳಲಿಲ್ಲ. ಅಕ್ಕ ಕೆಳಗೆ ಚಹಾಕ್ಕೆ ಹೋದಳು. ನಾನು ಸ್ಟೂಲಿನಲ್ಲಿ ಕುಳಿತೆ, ಎಡಗೈ ಎಂದಿನಂತೆ ಮೊಣಕಾಲಿನ ಅಡಿಗೆ.

ಅವರು ನನ್ನನ್ನು ನೇರವಾಗಿ ನೋಡಿದರು. ಅಪಘಾತವಾದ ಮೇಲೆ ಹಾಗೆ ನೋಡಿದ್ದು ಅದೇ ಮೊದಲು.

"ಭಾವ," ಎಂದರು. "ಆ ಬೆಳ್ಮಣ್ಣಿನ ಹತ್ತಿರ, ಕಲ್ಲು ಇಡುವಾಗ, ನಾನು..."

ಉಸಿರು ಸಾಲದೆ ನಿಂತರು. ನನಗೆ ಅವರ ಮುಖ ನೋಡಲಾಗಲಿಲ್ಲ. ಬಾಯಿಗೆ ಅಭ್ಯಾಸವಾದ ಮಾತು ತಾನಾಗಿ ಬಂತು.

"ಮಲ್ಲೆಜ್ಜಿ ಭಾವ. ಅದೆಲ್ಲ ಈಗ ಎಂತಕ್ಕೆ? ನೀವು ಮೊದಲು ಹುಷಾರಾಗಿ."

ಅವರು ನನ್ನನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಕೋಪ ಇರಲಿಲ್ಲ. ಬಾಗಿಲ ತನಕ ಬಂದವರು ಬೀಗ ಕಂಡು ಹಿಂತಿರುಗುವಾಗ ಇರುವಂಥ ಮುಖ. "ಹೌದಲ್ವಾ" ಎಂದು ಕಿಟಕಿಯ ಕಡೆ ತಿರುಗಿದರು. "ಉಡುಪಿಯಲ್ಲೂ ಮಳೆ ಉಂಟಾ?" ಎಂದು ಕೇಳಿದರು. ಉಂಟು ಎಂದೆ. ಅಕ್ಕ ಬಂದಳು. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಅವರು ಆ ವಾರ ದಾಟಲಿಲ್ಲ.

ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ಜನ ಹೋದ ಮೇಲೆ ಅಕ್ಕ ನನ್ನ ಹತ್ತಿರ ಬಂದು ಕುಳಿತಳು. "ಆ ದಿನ ನನಗೆ ಚಹಾ ಬೇಡವಾಗಿತ್ತು. ‘ಭಾವನೊಟ್ಟಿಗೆ ಒಂದು ಮಾತು ಉಂಟು, ನೀನು ಸ್ವಲ್ಪ ಕೆಳಗೆ ಹೋಗು’ ಅಂತ ಅವರೇ ಹೇಳಿದ್ದು. ನೀನು ಬರುವ ಮೊದಲೇ. ಎಂತ ಹೇಳಿದರು ನಿನ್ನ ಹತ್ತಿರ?"

ನಾನು ಏನೂ ಇಲ್ಲ ಎಂದೆ. ಅವಳು ನಂಬಿದಳೋ ಇಲ್ಲವೋ, ಎದ್ದು ಒಳಗೆ ಹೋದಳು.

ಕಲ್ಲು ಹಸಿ ಎಂದು ಅವರಿಗೆ ಆಗಲೇ ಗೊತ್ತಿತ್ತೋ, ಗೊತ್ತಿದ್ದೂ ಹೊತ್ತಾಗುತ್ತದೆಂದು ಇಟ್ಟರೋ, ಅಥವಾ ಹೇಳಬೇಕಾಗಿದ್ದದ್ದು ಗುಲಾಬಿಯಕ್ಕನ ಹೂವಿನ ಬುಟ್ಟಿಯ ಬಗ್ಗೆಯೋ, ಅಥವಾ ಇದು ಯಾವುದೂ ಅಲ್ಲವೋ. ನಾನು ಆ ವಾಕ್ಯವನ್ನು ಎಷ್ಟೋ ಬಗೆಯಲ್ಲಿ ಮುಗಿಸಿ ನೋಡಿದ್ದೇನೆ. ಮುಗಿಸಿದ್ದೆಲ್ಲ ನನ್ನ ಮಾತು. ಅವರದು "ನಾನು" ಎಂಬಲ್ಲಿಗೆ ನಿಂತಿದೆ. ಉಳಿದದ್ದು ನನಗೆ ಸಿಕ್ಕಿಲ್ಲ.